ಚಕ್ರಕ್ಕೆ ಕೊಟ್ಟ ಕಲ್ಲು

"ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ ಇಳೀರಿ" ಅಂದರು ಇನ್‌ಸ್ಪೆಕ್ಟರ್.

ನಾನು ಎಳೆದೆ. ಗೇರ್ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದ, ಮೊಳದುದ್ದದ ಲಿವರ್ ಅದು. ಎಳೆದು ಹಿಡಿದಷ್ಟು ಹೊತ್ತು ಹಿಂದಿನ ಚಕ್ರ ಅಲ್ಲಾಡಲಿಲ್ಲ. ಕೈ ಬಿಟ್ಟೆ. ಲಿವರ್ ವಾಪಸ್ ಹೋಯಿತು, ಕಾರು ಮೆಲ್ಲಗೆ ಹಿಂದಕ್ಕೆ ಜರುಗಿತು. ಮತ್ತೆ ಎಳೆದೆ. ಹಿಡಿದುಕೊಂಡೇ ಇರಬೇಕು ಅಂದರೆ ಇಳಿಯುವುದು ಹೇಗೆ? ಕಿಟಕಿಯಾಚೆ ನಿಂತಿದ್ದ ತಮ್ಮ ನೆಲ ನೋಡುತ್ತಿದ್ದ.

ಅದು ಚಿಕ್ಕಮಗಳೂರಿನ ಆರ್‌ಟಿಒ ಆಫೀಸು. ಅಪ್ಪ ಕೊಂಡ ಕಾರಿಗೆ 15 ವರ್ಷ ತುಂಬಿತ್ತು. ಸ್ವಂತ ಕಾರಿನ ಆರ್‌ಸಿ ಇರುವುದೇ ಅಷ್ಟು ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ ಮತ್ತೆ 5 ವರ್ಷಕ್ಕೆ ಮಾಡಿಸಿಕೊಳ್ಳಬೇಕು. ಹೊಗೆ, ದೀಪ, ಟೈರು ಎಲ್ಲ ಸರಿ ಇದೆ ಅಂತ ಧೈರ್ಯವಾಗಿ ಹೋಗಿದ್ದೆವು.

ಲಿವರ್ ತಮ್ಮನ ಆಸೆ. ನಾಲ್ಕು ತಿಂಗಳ ಹಿಂದೆ ಹಾಕಿಸಿದ್ದ. ಅವನನ್ನು ಬೈಯುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ನಮ್ಮೂರ ಕಡೆ ಹುಟ್ಟಿದ ಹುಡುಗರಿಗೆ ಕಾರ್ ರ‍್ಯಾಲಿ ಹುಚ್ಚು ಹಿಡಿಯದೆ ಇರುತ್ತಾ? ಕಾಫಿ ತೋಟದ ಮಣ್ಣು ರಸ್ತೆಗಳಲ್ಲೇ ಇಲ್ಲಿ ರ‍್ಯಾಲಿ ನಡೆಯುತ್ತಿತ್ತು. ಏಷ್ಯಾ ಪೆಸಿಫಿಕ್ ರ‍್ಯಾಲಿಯವರೂ ಬಂದು ಹೋಗಿದ್ದಾರೆ. ಬೇಲಿ ಆಚೆ ನಿಂತು ಧೂಳು ಕುಡಿದು ನೋಡಿದ ಹುಡುಗ ಅವನು. 2019ರಲ್ಲಿ ರ‍್ಯಾಲಿ ಡ್ರೈವರ್ ಗೌರವ್ ಗಿಲ್‌ಗೆ ಅರ್ಜುನ ಪ್ರಶಸ್ತಿ ಬಂದಾಗ ಮನೆಯಲ್ಲಿ ಅವನೇ ಗೆದ್ದ ಹಾಗೆ ಕುಣಿದಿದ್ದ.

ರ‍್ಯಾಲಿಯಲ್ಲಿ ಆ ಲಿವರ್‌ಗೆ ಕೆಲಸ ಇದೆ. ಹೇರ್‌ಪಿನ್ ತಿರುವಿನಲ್ಲಿ ಒಂದೇ ಒಂದು ಕ್ಷಣ ಎಳೆದರೆ ಹಿಂದಿನ ಚಕ್ರಗಳು ಕಚ್ಚಿಕೊಂಡು, ಕಾರಿನ ಬಾಲ ಜಾರಿ, ಮೂತಿ ಮುಂದಿನ ರಸ್ತೆಗೆ ತಿರುಗುತ್ತದೆ. ಅದೇ ಕ್ಷಣ ಬಿಡಬೇಕು. ಅದಕ್ಕೇ ಅದರಲ್ಲಿ ಹಲ್ಲುಗಳಿಲ್ಲ, ಬಟನ್ ಇಲ್ಲ. ಅದು ಬುಡದಲ್ಲಿರುವ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಒತ್ತಿ ಹಿಂದಿನ ಚಕ್ರ ಹಿಡಿಯುತ್ತದೆ. ನಮ್ಮ ಮಾಮೂಲಿ ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯುತ್ತದೆ, ಕಟಕಟ ಅಂತ ಹಲ್ಲಿಗೆ ಕೂತು ಅಲ್ಲೇ ನಿಲ್ಲುತ್ತದೆ. ಒಂದು ಬಿಡುವುದಕ್ಕೆ ಮಾಡಿದ್ದು, ಇನ್ನೊಂದು ಹಿಡಿದಿರುವುದಕ್ಕೆ ಮಾಡಿದ್ದು. ತಮ್ಮ ಹೊಸದನ್ನು ಹಾಕಿಸುವಾಗ ಹಳೇದನ್ನು ಕೇಬಲ್ ಸಮೇತ ಕೀಳಿಸಿಬಿಟ್ಟಿದ್ದ.

ನಮ್ಮ ಮನೆ ಕೈಮರದಿಂದ ಮೇಲೆ, ಮುಳ್ಳಯ್ಯನಗಿರಿ ರಸ್ತೆಯ ಕಡೆ. ಅಂಗಳವೇ ಇಳಿಜಾರು. ಲಿವರ್ ಬಂದ ದಿನದಿಂದ ಅಮ್ಮ ಒಂದು ಕಲ್ಲು ಇಟ್ಟುಕೊಂಡಿದ್ದರು. ಬಚ್ಚಲ ಒಲೆಯ ಪಕ್ಕದ್ದು, ಮಸಿ ಹಿಡಿದ ಕಲ್ಲು. ಕಾರು ನಿಂತ ತಕ್ಷಣ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಪೇಟೆಗೆ ಹೋಗುವಾಗ ಡಿಕ್ಕಿಯಲ್ಲಿ ಅದೂ ಬರುತ್ತಿತ್ತು. ಮೊಣಕಾಲು ನೋವಿನ ಹೆಂಗಸು ಬಗ್ಗಿ ಕಲ್ಲು ಇಡುವುದನ್ನು ನಾಲ್ಕು ತಿಂಗಳು ನೋಡಿದೆ. ಇದು ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ. ಗೇರಿನಲ್ಲಿ ನಿಲ್ಲಿಸುತ್ತೇವಲ್ಲ, ಸಾಕು ಅಂದುಕೊಂಡಿದ್ದೆ. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಮ್ಮ ಸುಮ್ನೆ ಬಿಡಲಿಲ್ಲ. "ಸರ್, ಆರ್‌ಸಿಯಲ್ಲಿ ಹ್ಯಾಂಡ್ ಬ್ರೇಕ್ ಇಂಥದ್ದು ಅಂತ ಎಲ್ಲೂ ಬರೆದಿಲ್ಲವಲ್ಲ?" ಅಂದ. ಪ್ರಶ್ನೆ ದಡ್ಡತನದ್ದೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅಂತ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು.

ಇನ್‌ಸ್ಪೆಕ್ಟರ್ ಸಿಟ್ಟಾಗಲಿಲ್ಲ. "52 ಪಕ್ಕಕ್ಕಿಡಪ್ಪ. ಕೇಂದ್ರದ ನಿಯಮ 96 ಇದೆ. ಕಾಲಿನ ಬ್ರೇಕೂ ಬೇಕು, ಪಾರ್ಕಿಂಗ್ ಬ್ರೇಕೂ ಬೇಕು. ನಿನ್ನ ಕಾರಿನಲ್ಲಿ ಎರಡನೇದು ಎಲ್ಲಿದೆ, ತೋರಿಸು" ಅಂದರು. ತಮ್ಮ ಲಿವರ್ ನೋಡಿದ, ನನ್ನ ಕೈ ನೋಡಿದ. ಮಾತಾಡಲಿಲ್ಲ. ಒಪ್ಪಿಗೆಯಿಲ್ಲದ ಬದಲಾವಣೆಗೆ 2019ರ ತಿದ್ದುಪಡಿಯಲ್ಲಿ 182ಎ ಬಂದಿದೆ, ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತಲೂ ಹೇಳಿದರು. ಕೇಸು ಬರೆಯಲಿಲ್ಲ. "ಮೊದಲಿನ ಹಾಗೆ ಮಾಡಿಸಿಕೊಂಡು ಬನ್ನಿ" ಅಂತ ಕಳಿಸಿದರು.

ಲಿವರ್ ಹಾಕಿಕೊಟ್ಟ ಗ್ಯಾರೇಜಿಗೆ ಹೋಗಲಿಲ್ಲ. ಅಪ್ಪನ ಕಾಲದಿಂದ ನೋಡುತ್ತಿದ್ದ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಲಿವರ್ ಬುಡಕ್ಕೆ ಟಾರ್ಚ್ ಬಿಟ್ಟರು. ಸಿಲಿಂಡರಿನ ಕೆಳಗೆ, ತಗಡಿನ ಮೇಲೆ ಅಂಗೈಯಗಲ ಬಣ್ಣ ಸುಕ್ಕುಗಟ್ಟಿ ಎದ್ದಿತ್ತು. ಉಗುರು ತಾಗಿಸಿದರೆ ಸಿಪ್ಪೆಯ ಹಾಗೆ ಕೈಗೆ ಬಂತು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ಅಂದರೆ ಎಷ್ಟೋ ದಿನದಿಂದ ಅಲ್ಲಿ ಸೋರುತ್ತಿತ್ತು.

"ಇದು ಹ್ಯಾಂಡ್ ಬ್ರೇಕಿನ ಸೋರಿಕೆ ಮಾತ್ರ ಅಲ್ಲ ಮಾರಾಯ" ಅಂದರು. ಆಮೇಲೆ ಅವರು ಹೇಳಿದ್ದು ನನ್ನ ಎದೆ ನಡುಗಿಸಿತು. ನಮ್ಮ ಕಾರಿನಲ್ಲಿ ಬ್ರೇಕ್ ಲೈನ್ ಎರಡು, ಅಡ್ಡಡ್ಡ ಹೋಗುತ್ತವೆ. ಮುಂದಿನ ಎಡ ಚಕ್ರಕ್ಕೆ ಹಿಂದಿನ ಬಲ ಚಕ್ರ ಜೊತೆ, ಮುಂದಿನ ಬಲಕ್ಕೆ ಹಿಂದಿನ ಎಡ. ಒಂದು ಲೈನ್ ಒಡೆದರೂ ಇನ್ನೊಂದು ಕಾರು ನಿಲ್ಲಿಸಲಿ ಅಂತ ಹಾಗೆ ಮಾಡಿರುತ್ತಾರೆ. ಲಿವರ್ ಕೂರಿಸಿದವರು ಹಿಂದಿನ ಎರಡೂ ಪೈಪ್ ಕತ್ತರಿಸಿ ಒಂದೇ ಸಿಲಿಂಡರಿಗೆ ಸೇರಿಸಿದ್ದರು. ಎರಡು ಲೈನ್ ಒಂದಾಗಿಬಿಟ್ಟಿತ್ತು. ಆ ಸೋರಿಕೆ ಜಾಸ್ತಿಯಾಗಿದ್ದರೆ ಕಾಲಿನ ಬ್ರೇಕೂ ಪೂರ್ತಿ ಹೋಗುತ್ತಿತ್ತು. ಆ ಕಾರಿನಲ್ಲಿ ನಾವು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ನನ್ನ ಮಗಳು.

ತಮ್ಮ ಅಲ್ಲೇ ಟೈರಿನ ಮೇಲೆ ಕೂತುಬಿಟ್ಟ. "ಅಣ್ಣಾ, ನಂಗೆ ಯಾರೂ ಹೇಳಲೇ ಇಲ್ಲ" ಅಂದ.

ಅವನಿಗೆ ಲಿವರ್ ಬೇಕಿದ್ದರೆ ಅದಕ್ಕೊಂದು ಬೇರೆ ಕಾರು ಬೇಕು. ಒಳಗೆ ಕಾರು ಮಗುಚಿದರೂ ಜಜ್ಜದ ಹಾಗೆ ಕಾಯುವ ಪೈಪಿನ ಪಂಜರ, ಅಂದರೆ ರೋಲ್ ಕೇಜ್, ತಲೆಗೆ ಹೆಲ್ಮೆಟ್, ಎದುರಿನಿಂದ ಬಸ್ಸು ಬಾರದ ಹಾಗೆ ಮುಚ್ಚಿದ ರಸ್ತೆ. ಅದನ್ನು ಅವನು ಮಾಡಲಿ ಅಂತ ನನಗೆ ನಿಜವಾಗಿಯೂ ಆಸೆ ಇದೆ. ಲಿವರ್ ಬಿಸಾಡಲು ನಾನು ಬಿಡಲಿಲ್ಲ.

ಹೊಸ ಪೈಪು, ಕೇಬಲ್, ಹಿಂದಿನ ಡ್ರಮ್ಮಿಗೆ ಲೈನರ್. ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ತಮ್ಮನೇ ಪೆಡಲ್ ಒತ್ತಿದ. ಎರಡು ದಿನ ಹಿಡಿಯಿತು.

ಮತ್ತೆ ಅದೇ ಇಳಿಜಾರು, ಅದೇ ಇನ್‌ಸ್ಪೆಕ್ಟರ್. ನ್ಯೂಟ್ರಲ್ ಮಾಡಿದೆ. ಕಟ, ಕಟ, ಕಟ, ಕಟ. ನಾಲ್ಕನೇ ಹಲ್ಲಿಗೆ ಬಿಗಿಯಾಯಿತು. ಇಳಿದು ಬಾಗಿಲು ಹಾಕಿದೆ. ಅವರು ಬಾನೆಟ್ ಮೇಲೆ ಎರಡೂ ಕೈಯಿಟ್ಟು ನೂಕಿದರು. ಕಾರು ಮಿಸುಕಲಿಲ್ಲ. ಸಹಿ ಹಾಕಿ ಮುಂದಿನ ಗಾಡಿಗೆ ಹೋದರು.

ಸಂಜೆ ಮನೆಗೆ ಬಂದು ಅಂಗಳದಲ್ಲಿ ನಿಲ್ಲಿಸಿದೆ. ಅಮ್ಮ ಅಭ್ಯಾಸದಂತೆ ಬಂದರು. ತಮ್ಮ ಹ್ಯಾಂಡ್ ಬ್ರೇಕ್ ಎಳೆದು ತೋರಿಸಿದ, ಎರಡೂ ಕೈ ಮೇಲೆತ್ತಿದ. ಅಮ್ಮ ಸ್ವಲ್ಪ ಹೊತ್ತು ಚಕ್ರವನ್ನೇ ನೋಡಿದರು. ಆಮೇಲೆ ಡಿಕ್ಕಿ ತೆಗೆಸಿ, ಕಲ್ಲು ಎತ್ತಿಕೊಂಡು ಬಚ್ಚಲ ಕಡೆ ಹೋದರು.