ಹನ್ನೊಂದನೇ ನಂಬರಿನ ಎರಡು ಪಾಯಿಂಟು

ಆ ಹುಡುಗಿ ಹಾಕಿದ ಲೇಅಪ್ ನಿಜಕ್ಕೂ ಚೆನ್ನಾಗಿತ್ತು. ಬಲಗಾಲು, ಎಡಗಾಲು, ಜಿಗಿತ. ಬೋರ್ಡಿನ ಚೌಕಕ್ಕೆ ಚೆಂಡನ್ನು ಮೆತ್ತಗೆ ತಾಗಿಸಿದಳು, ಅದು ರಿಂಗನ್ನು ಮುಟ್ಟದೆ ಬಲೆಯೊಳಕ್ಕೆ ಇಳಿಯಿತು. ತೊಂದರೆ ಇಷ್ಟೇ, ಅದು ಅವಳ ತಂಡದ್ದೇ ಬ್ಯಾಸ್ಕೆಟ್ಟು.

ಮಂಡ್ಯ ಕಡೆಯ ಒಂದು ಶಾಲೆಯ ಸಿಮೆಂಟು ಕೋರ್ಟು, ಹದಿನಾಲ್ಕು ವರ್ಷದೊಳಗಿನ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಪಂದ್ಯ, ಹನ್ನೊಂದು ಗಂಟೆಯ ಬಿಸಿಲು. ನಾನು ವಾರವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಭಾನುವಾರ ಕೊರಳಿಗೆ ಸೀಟಿ ಹಾಕಿಕೊಂಡು ರೆಫ್ರಿಯಾಗಿ ಹೊರಡುವವನು. ಅವತ್ತು ಮೊದಲರ್ಧದಲ್ಲಿ ಆಗಿದ್ದು ಮಾಮೂಲಿ 'ಟ್ರಾವೆಲ್', ಅಂದರೆ ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಟ್ಟರು ಎನ್ನುವ ಗಲಾಟೆ ಮಾತ್ರ. ಓಡುತ್ತಾ ಚೆಂಡು ಹಿಡಿದಾಗ ನೆಲದ ಮೇಲಿರುವ ಕಾಲನ್ನು ಲೆಕ್ಕಕ್ಕೆ ಹಿಡಿಯದೆ, ಆಮೇಲೆ ಎರಡು ಹೆಜ್ಜೆ ಎಣಿಸಬೇಕು ಎಂದು ಫಿಬಾ (ಬ್ಯಾಸ್ಕೆಟ್‌ಬಾಲಿನ ಜಾಗತಿಕ ಸಂಸ್ಥೆ) ನಿಯಮ ಬದಲಾಗಿದ್ದು 2017ರಲ್ಲಿ. ನಮ್ಮ ಗ್ಯಾಲರಿಯವರು, ಅಂದರೆ ಕಾಂಪೌಂಡ್ ಗೋಡೆಯ ಮೇಲೆ ಕೂತವರು, ಇವತ್ತಿಗೂ ಮೂರು ಎಣಿಸಿ ಕೂಗುತ್ತಾರೆ. ಅದು ಅಭ್ಯಾಸವಾಗಿ ಹೋಗಿದೆ.

ದ್ವಿತೀಯಾರ್ಧಕ್ಕೆ ತಂಡಗಳು ಬ್ಯಾಸ್ಕೆಟ್ ಬದಲಾಯಿಸುತ್ತವೆ. ಮೂರನೇ ಕ್ವಾರ್ಟರ್ ಶುರುವಾಗುವುದು ಚೆಂಡನ್ನು ಮೇಲಕ್ಕೆಸೆಯುವ ಜಂಪ್ ಬಾಲಿನಿಂದಲ್ಲ. ಸ್ಕೋರ್ ಬರೆಯುವವರ ಟೇಬಲ್ಲಿನ ಎದುರು ಬದಿಯಲ್ಲಿ, ಮಧ್ಯಗೆರೆಯ ತುದಿಯಿಂದ, ಟೇಬಲ್ಲಿನ ಮೇಲಿನ ಸರದಿ ಬಾಣ ಯಾರ ಕಡೆ ತೋರಿಸುತ್ತದೋ ಆ ತಂಡ ಚೆಂಡನ್ನು ಒಳಕ್ಕೆ ಕೊಡುತ್ತದೆ. ಮುಂದಕ್ಕೂ ಕೊಡಬಹುದು, ಹಿಂದಕ್ಕೂ ಕೊಡಬಹುದು. ಹುಡುಗಿಯ ತಂಡದವರು ಹಿಂದಕ್ಕೆ ಕೊಟ್ಟರು. ಚೆಂಡು ಸಿಕ್ಕವಳು ಮೊದಲರ್ಧದ ದಿಕ್ಕಿನಲ್ಲೇ ಓಟ ಕಿತ್ತಳು. ಎದುರು ತಂಡದ ಐದೂ ಜನ ನಿಂತಲ್ಲೇ ನಿಂತರು. ಒಬ್ಬಳಂತೂ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. 'ಏಯ್, ಆ ಕಡೆ ಅಲ್ಲ ಕಣೇ!' ಎಂದು ಜೊತೆಯವರು ಕಿರುಚಿದ್ದನ್ನು ಹುರಿದುಂಬಿಸುತ್ತಿದ್ದಾರೆ ಅಂದುಕೊಂಡಳೋ ಏನೋ, ಓಟ ಇನ್ನೂ ಜೋರಾಯಿತು.

ಚೆಂಡು ಬಲೆಯಿಂದ ನೆಲಕ್ಕೆ ಬೀಳುವಷ್ಟರಲ್ಲಿ ನಾನು ಎರಡರಲ್ಲಿ ಒಂದು ಮಾಡಬೇಕಿತ್ತು: ಎರಡು ಬೆರಳೆತ್ತಿ ಎದುರು ತಂಡಕ್ಕೆ ಪಾಯಿಂಟು ಕೊಡಬೇಕು, ಇಲ್ಲವೇ ಎರಡೂ ತೋಳನ್ನು ಎದೆಯ ಮುಂದೆ ಕತ್ತರಿಯ ಹಾಗೆ ಬೀಸಿ ರದ್ದು ಮಾಡಬೇಕು. ಯಾಕೆಂದರೆ ನಿಯಮದ ಪುಸ್ತಕದಲ್ಲಿ ಎರಡೂ ಇದೆ. ಆಕಸ್ಮಿಕವಾಗಿ ತನ್ನ ಬ್ಯಾಸ್ಕೆಟ್ಟಿಗೇ ಹಾಕಿದರೆ ಎದುರಾಳಿಗೆ ಎರಡು ಪಾಯಿಂಟು. ಬೇಕೆಂದೇ ಹಾಕಿದರೆ ಅದು ವಯಲೇಷನ್, ಅಂದರೆ ನಿಯಮಭಂಗ, ಪಾಯಿಂಟು ಇಲ್ಲ. ನಾನು ಎರಡು ಬೆರಳೆತ್ತಿದೆ.

ಹುಡುಗಿಯ ತಂಡದ ಪಿಟಿ ಮೇಷ್ಟ್ರು ಮೊಬೈಲಿನಲ್ಲಿ ನಿಯಮದ ಪಿಡಿಎಫ್ ತೆರೆದುಕೊಂಡೇ ಬಂದರು.

"ಸಾ, ಬಾಲು ಕೈ ಜಾರಿ ಬಿತ್ತಾ? ಗುರಿ ಇಟ್ಟು ಹಾಕವ್ಳೆ. ಇದನ್ನ ಆಕಸ್ಮಿಕ ಅಂತ ಹೆಂಗಂತೀರಿ? ಬೇಕೂಂತಲೇ ಹಾಕಿದ್ದು, ವಯಲೇಷನ್ ಕೊಡಿ."

ತಮ್ಮ ತಂಡದ ಮೇಲೆಯೇ ವಯಲೇಷನ್ ಕೊಡಿ ಎಂದು ಕೇಳುವ ಕೋಚನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ವಾದ ತೆಗೆದುಹಾಕುವಂಥದ್ದಲ್ಲ. ಅಂಥ ಲೇಅಪ್ ಯಾರಿಗೂ ಆಕಸ್ಮಿಕವಾಗಿ ಬೀಳುವುದಿಲ್ಲ.

"ಬೇಕೂಂತ ಅಂದ್ರೆ, ಇದು ನಮ್ಮದೇ ಬ್ಯಾಸ್ಕೆಟ್ಟು ಅಂತ ಗೊತ್ತಿದ್ದೂ ಹಾಕೋದು ಮೇಷ್ಟ್ರೇ. ಈ ಮಗೂಗೆ ಗೊತ್ತಿತ್ತು ಅಂತೀರಾ?"

ಗೊತ್ತಿತ್ತು ಎಂದರೆ ಹುಡುಗಿ ಕಳ್ಳಿಯಾಗುತ್ತಾಳೆ, ಗೊತ್ತಿರಲಿಲ್ಲ ಎಂದರೆ ಎರಡು ಪಾಯಿಂಟು ಹೋಗುತ್ತದೆ. ಮೇಷ್ಟ್ರು ಹುಡುಗಿಯ ಕಡೆ ಒಮ್ಮೆ ನೋಡಿ, ಗೊಣಗುತ್ತಾ ಬೆಂಚಿಗೆ ಹೋದರು. ಒಳ್ಳೆಯವರು.

ಹೊತ್ತಿದ್ದಿದ್ದರೆ ಅವರಿಗೆ ವಾರೆಸೆಯ ಕಥೆ ಹೇಳುತ್ತಿದ್ದೆ. ಇಟಲಿಯ ಆ ಊರಿನಲ್ಲಿ 1962ರಲ್ಲಿ ಯುರೋಪಿಯನ್ ಕಪ್ ಪಂದ್ಯ, ಅಲ್ಲಿನ ಇಗ್ನಿಸ್ ತಂಡದ ಎದುರು ರಿಯಲ್ ಮ್ಯಾಡ್ರಿಡ್. ಎರಡು ಪಂದ್ಯಗಳ ಪಾಯಿಂಟು ಕೂಡಿಸಿ ಗೆಲುವು ತೀರ್ಮಾನವಾಗುವ ಪದ್ಧತಿ. ಕೊನೆಯ ಗಳಿಗೆಯಲ್ಲಿ 80-80 ಸಮ. ಮ್ಯಾಡ್ರಿಡ್‌ನ ಕೆಲವು ಮುಖ್ಯ ಆಟಗಾರರು ಹೊರಗೆ ಕೂತಿದ್ದರು. ಹೆಚ್ಚುವರಿ ಸಮಯಕ್ಕೆ ಹೋದರೆ ದೊಡ್ಡ ಅಂತರದಲ್ಲಿ ಸೋಲುವ ಭಯ. ಕೋಚ್ ಪೆದ್ರೊ ಫೆರಾಂಡಿಸ್ ಹೇಳಿಕೊಟ್ಟಂತೆ ಲೊರೆನ್ಸೊ ಅಲೊಸೆನ್ ಎಂಬ ಆಟಗಾರ ತನ್ನ ಬ್ಯಾಸ್ಕೆಟ್ಟಿಗೇ ಚೆಂಡು ಹಾಕಿ, 82-80ಕ್ಕೆ ಪಂದ್ಯ ಸೋತು ಮುಗಿಸಿದ. ತಮ್ಮೂರಿನ ಪಂದ್ಯದಲ್ಲಿ ಭಾರಿ ಅಂತರದಿಂದ ಗೆದ್ದು ಅವರು ಮುಂದಿನ ಸುತ್ತಿಗೆ ಹೋದರು. ಫಿಬಾ ನಿಯಮ ತಿದ್ದಿದ್ದು ಆಮೇಲೆ. 'ಬೇಕೆಂದೇ' ಎಂಬ ಮಾತು ಕಾಯುತ್ತಿರುವುದು ಅಂಥ ಜಾಣರನ್ನು. ದಿಕ್ಕು ತಪ್ಪಿದ ಏಳನೇ ಕ್ಲಾಸಿನ ಹುಡುಗಿಯನ್ನಲ್ಲ.

ಅಷ್ಟರಲ್ಲಿ ಟೇಬಲ್ಲಿನಿಂದ ಇನ್ನೊಂದು ಪ್ರಶ್ನೆ ಬಂತು. "ಸಾರ್, ಈ ಎರಡು ಪಾಯಿಂಟ್ ಯಾರ ನಂಬರಿಗೆ ಬರೀಲಿ?" ಆ ಸಮಯಕ್ಕೆ ಕೋರ್ಟಿನಲ್ಲಿರುವ ಎದುರು ತಂಡದ ಕ್ಯಾಪ್ಟನ್ ಹೆಸರಿಗೆ ಬರೆಯಬೇಕು. ಆದರೆ ಕ್ಯಾಪ್ಟನ್ ಮೂರು ಫೌಲ್ ಮಾಡಿಕೊಂಡು ಬೆಂಚಿನಲ್ಲಿ ಟವೆಲ್ ಹೊದ್ದು ಕೂತಿದ್ದಳು. ಅವಳ ಬದಲಿಗೆ ಯಾರು ಎಂದು ಅವರ ಕೋಚ್ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಈಗ ಕೇಳಿದಾಗ ಅವರು ಅತ್ತಿತ್ತ ನೋಡಿ ಹನ್ನೊಂದನೇ ನಂಬರಿನವಳತ್ತ ಕೈ ತೋರಿಸಿದರು. ಬಾಯಿಗೆ ಕೈ ಅಡ್ಡ ಹಿಡಿದಿದ್ದಳಲ್ಲ, ಅವಳೇ. ಸ್ಕೋರರ್ 11 ಎಂದು ಬರೆದು ಪಕ್ಕದ ಅಂಕಿಗೆ ಓರೆಗೆರೆ ಎಳೆದ.

ಮೇಷ್ಟ್ರು ನೋಡದಿದ್ದ, ನಾನು ಯಾರಿಗೂ ಹೇಳದಿದ್ದ ಒಂದು ವಿಷಯವಿದೆ. ಚೆಂಡು ಕೊಡುವ ಮೊದಲು ರೆಫ್ರಿ ಆಟದ ದಿಕ್ಕನ್ನು ಕೈ ಚಾಚಿ ತೋರಿಸಬೇಕು. ಅವತ್ತು ಚೆಂಡು ಕೊಟ್ಟವನು ನಾನೇ. ಟೇಬಲ್ಲಿನವರು ಸಿದ್ಧವಾಗಿದ್ದಾರಾ ಎಂದು ಆ ಕಡೆ ನೋಡುತ್ತಾ ಕೈ ಎತ್ತಿದ್ದೆ, ನಿಜ. ಆದರೆ ಪೂರ್ತಿ ಚಾಚಿದ್ದೆನಾ? ಸೊಂಟದ ಮಟ್ಟಕ್ಕೆ ಬಂದು ಹಾಗೇ ಇಳಿದಿತ್ತು ಅಂತ ಅನಿಸುತ್ತದೆ. ಅಷ್ಟು ಹೊತ್ತಿಗೆ ಯಾರು ಕೈ ನೋಡುತ್ತಾರೆ ಎಂಬ ಉದಾಸೀನ. ನಿಯಮದ ಪ್ರಕಾರ ನನ್ನ ತೀರ್ಪು ಸರಿ. ಇಡೀ ಆಟವೇ ತಿರುಗಾಮುರುಗಾ ದಿಕ್ಕಿನಲ್ಲಿ ಶುರುವಾಗಿದ್ದರೂ ಅಲ್ಲಿಯವರೆಗಿನ ಪಾಯಿಂಟು ಉಳಿಯುತ್ತಿತ್ತು. ಆದರೂ ಆ ಅರ್ಧ ಎತ್ತಿದ ಕೈ ಬಸ್ಸಿನಲ್ಲಿ ಊರು ತಲುಪುವವರೆಗೂ ಕಾಡಿತು.

ಪಂದ್ಯವನ್ನು ಹುಡುಗಿಯ ತಂಡ 28-31ರಲ್ಲಿ ಸೋತಿತು. 'ಆ ಎರಡು ಇಲ್ದಿದ್ರೆ...' ಎಂದು ಮೇಷ್ಟ್ರು ಹೇಳುತ್ತಲೇ ಇದ್ದರು. ಇಲ್ಲದಿದ್ದರೆ ಒಂದರಲ್ಲಿ ಸೋಲುತ್ತಿದ್ದರು. ಲೆಕ್ಕ ಬಿಡಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಸ್ಕೋರ್ ಶೀಟಿಗೆ ಸಹಿ ಹಾಕುತ್ತಿದ್ದಾಗ ಹಿಂದಿನಿಂದ ಸಣ್ಣ ದನಿ.

"ಸಾ, ಅದು ನನ್ ಹೆಸ್ರಿಗೆ ಬರ್ದವ್ರಾ?"

"ಇಲ್ಲ ಮಗ. ಹನ್ನೊಂದನೇ ನಂಬರಿಗೆ." ಶೀಟು ತಿರುಗಿಸಿ ತೋರಿಸಿದೆ. ಇಡೀ ಪಂದ್ಯದಲ್ಲಿ ಆ ನಂಬರಿನ ಹೆಸರಿಗಿದ್ದದ್ದು ಅವೆರಡೇ ಪಾಯಿಂಟು.

ಹುಡುಗಿ ಬಗ್ಗಿ ಬೆರಳಿಟ್ಟು ನೋಡಿದಳು.

"ಅವ್ಳು ಬಾಲ್ ಮುಟ್ಟೇ ಇಲ್ವಲ್ಲ ಸಾ!" ಎಂದು ನಗುತ್ತಾ, ಅವಳಿಗೇ ಹೇಳಲು ಓಡಿದಳು.