ಡಿಟೆಕ್ಟರ್ ಡೈರಿ: ಮೆಷಿನ್ ಇದೆ, ಜಾಗ ಎಲ್ಲಿ?

ಮೆಟಲ್ ಡಿಟೆಕ್ಟರ್ ಬಂದಾಯ್ತು, ಮ್ಯಾನುಯಲ್ ಓದಿದ್ದೂ ಆಯ್ತು. ಈಗ ಇದನ್ನು ಹಿಡಿದು ಎಲ್ಲಿಗೆ ಹೋಗುವುದು? ವಿಡಿಯೋಗಳಲ್ಲಿ ಎಲ್ಲರೂ ಆಗಲೇ ಯಾವುದೋ ಹೊಲದ ನಡುವೆ ನಿಂತಿರುತ್ತಾರೆ. ಆ ಹೊಲಕ್ಕೆ ಕಾಲಿಡಲು ಯಾರನ್ನು ಕೇಳಿದರು, ಹೇಗೆ ಕೇಳಿದರು ಎನ್ನುವುದನ್ನು ಮಾತ್ರ ಯಾರೂ ತೋರಿಸುವುದಿಲ್ಲ. ನನ್ನ ಸಮಯವೆಲ್ಲ ಹೋಗಿದ್ದು ಅದಕ್ಕೇ. ಹಾಗಾಗಿ ಈ ಸಲ ನಾಣ್ಯದ ಕಥೆ ಕಮ್ಮಿ, ಅನುಮತಿಯ ಕಥೆ ಜಾಸ್ತಿ.

ಪಟ್ಟಿ

ಮನಸ್ಸಿಗೆ ಬಂದ ಜಾಗಗಳನ್ನೆಲ್ಲ ಮೊದಲು ಬರೆದುಕೊಂಡೆ. ಹಳೇ ಕೋಟೆ, ಪಾಳುಬಿದ್ದ ಊರು, ಯುದ್ಧ ನಡೆದ ಬಯಲು, ಪಾರ್ಕು, ಬೀಚು, ಪರಿಚಯದವರ ಹೊಲ, ಹಿತ್ತಲು.

ಮೊದಲ ಮೂರನ್ನು ಹಿಂದೆಮುಂದೆ ನೋಡದೆ ಹೊಡೆದು ಹಾಕಿದೆ. ಆಸೆ ಆಗುವುದು ಅಲ್ಲೇ, ನಿಜ. ಆದರೆ ಒಂದು ಗುಂಡಿ ಎಷ್ಟು ಹಾಳು ಮಾಡುತ್ತೆ ಅಂದರೆ, ಆ ವಸ್ತು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎನ್ನುವ ಲೆಕ್ಕವೇ ಅಳಿಸಿ ಹೋಗುತ್ತೆ. ಪುರಾತತ್ವದವರಿಗೆ ವಸ್ತುವಿನಷ್ಟೇ ಆ ಲೆಕ್ಕವೂ ಬೇಕು. ಯುದ್ಧಭೂಮಿಯಲ್ಲಂತೂ ಸಿಡಿಯದೇ ಉಳಿದ ಗುಂಡುಗಳಿರಬಹುದು. ಕೈಕಾಲು ಗಟ್ಟಿ ಇರಲಿ ಅನ್ನುವವರು ಅತ್ತ ಹೋಗಬಾರದು.

ಕಾನೂನು ಓದುತ್ತಾ ಕೂತಾಗ ಒಂದು ವಿಷಯ ಗೊತ್ತಾಯ್ತು: ಒಂದು ದೇಶದವರ ಸಲಹೆ ಇನ್ನೊಂದು ದೇಶದಲ್ಲಿ ಕೆಲಸಕ್ಕೆ ಬರಲ್ಲ. ಇಂಗ್ಲೆಂಡಿನಲ್ಲಿ ಜಮೀನಿನ ಒಡೆಯರು ಒಪ್ಪಿದರೆ ಹುಡುಕಬಹುದು. ಆದರೆ ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಲಿಖಿತ ಒಪ್ಪಿಗೆ ಇಲ್ಲದೆ ಮೆಷಿನ್ ಬಳಸುವುದೇ ಅಪರಾಧ. ಅದು 1979ರ ಕಾಯ್ದೆ. ಸಿಕ್ಕಿದ್ದು ನಿಧಿ ಇರಬಹುದು ಅನ್ನಿಸಿದರೆ 1996ರ ಕಾಯ್ದೆ ಪ್ರಕಾರ 14 ದಿನದೊಳಗೆ ತಿಳಿಸಬೇಕು. ಪಕ್ಕದ ಐರ್ಲೆಂಡಿನಲ್ಲಿ ಕಥೆಯೇ ಬೇರೆ. ಅಲ್ಲಿ ಪುರಾತನ ವಸ್ತು ಹುಡುಕಲು ಡಿಟೆಕ್ಟರ್ ಬಳಸಬೇಕಾದರೆ ಸರ್ಕಾರದ ಒಪ್ಪಿಗೆ ಮೊದಲೇ ಬೇಕು, ಹೊಲ ನಿಮ್ಮದೇ ಆಗಿದ್ದರೂ ಸರಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಮೆಷಿನ್ ಆನ್ ಮಾಡುವುದಿರಲಿ, ಕೈಯಲ್ಲಿ ಹಿಡಿದು ಓಡಾಡುವುದೂ ತಪ್ಪು. ಭಾರತದ 1878ರ ನಿಧಿ ಕಾಯ್ದೆಯಲ್ಲಂತೂ ಮಣ್ಣಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚಿನ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ಬರೆದು ತಿಳಿಸಬೇಕು ಅಂತಿದೆ. ಆ ಕಾಲದ ಹತ್ತು ರೂಪಾಯಿ, ನೆನಪಿರಲಿ!

ಇಷ್ಟು ಓದಿದ ಮೇಲೆ ಪಟ್ಟಿಯ ಪ್ರತಿ ಜಾಗದ ಮುಂದೆಯೂ ಮೂರು ಖಾನೆ ಹಾಕಿದೆ. ಒಡೆಯರು ಯಾರು? ಈಗ ಆ ಜಾಗ ನೋಡಿಕೊಳ್ಳುತ್ತಿರುವವರು ಯಾರು? ಸಂರಕ್ಷಣೆಯ ಗುರುತು ಏನಾದರೂ ಇದೆಯಾ? ಮೂರೂ ತುಂಬುವವರೆಗೆ ಮೆಷಿನ್ ಚೀಲದಲ್ಲೇ ಇರಬೇಕು. ಏನು ಸಿಗಬಹುದು ಅನ್ನುವುದಕ್ಕೆ ಖಾನೆಯನ್ನೇ ಇಟ್ಟಿಲ್ಲ. ಅದನ್ನು ಇಟ್ಟರೆ ಉಳಿದ ಮೂರನ್ನು ನಮಗೆ ಬೇಕಾದ ಹಾಗೆ ತುಂಬಿಕೊಳ್ಳಲು ಶುರು ಮಾಡುತ್ತೇವೆ, ಅಲ್ವಾ?

ಒಡೆಯರು ಬೇರೆ, ಉಳುವವರು ಬೇರೆ

ಎರಡನೇ ಖಾನೆ ಯಾಕೆ ಬೇಕು ಅನ್ನುವವರಿಗೆ ಹಾಕ್ಸನ್ ನಿಧಿಯ ಉದಾಹರಣೆ ಕೊಡುತ್ತೇನೆ. 1992ರಲ್ಲಿ ಇಂಗ್ಲೆಂಡಿನ ಸಫೋಕ್‌ನಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯ್ತು. ಹುಡುಕಿಕೊಡು ಅಂತ ಡಿಟೆಕ್ಟರ್ ಇದ್ದ ಸ್ನೇಹಿತ ಎರಿಕ್ ಲಾಸ್ ಅವರನ್ನು ಕರೆದರು. ಸಿಕ್ಕಿದ್ದು ರೋಮನ್ ಕಾಲದ ಸುಮಾರು 15,000 ನಾಣ್ಯ, ಜೊತೆಗೆ ಚಿನ್ನದ ಒಡವೆ, ಬೆಳ್ಳಿ ಸಾಮಾನು. ಲಾಸ್ ಎಲ್ಲವನ್ನೂ ಅಗೆದು ಮುಗಿಸಲಿಲ್ಲ. ಸ್ವಲ್ಪ ಹೊರಬಂದ ಮೇಲೆ ನಿಲ್ಲಿಸಿ ವಿಷಯ ಮುಟ್ಟಿಸಿದರು, ಉಳಿದದ್ದನ್ನು ಪುರಾತತ್ವದವರು ಬಂದು ತೆಗೆದರು. ಎಲ್ಲರೂ ಹೇಳುವುದು ಇಷ್ಟನ್ನೇ. ನನಗೆ ಮುಖ್ಯ ಅನ್ನಿಸಿದ್ದು ಬೇರೆ: ಆ ರೈತ ಉಳುತ್ತಿದ್ದವರು ಅಷ್ಟೇ, ಜಮೀನು ಕೌಂಟಿ ಕೌನ್ಸಿಲ್‌ನದು, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ್ದು. ವಿಷಯ ಕೌನ್ಸಿಲ್‌ಗೂ ಹೋಯ್ತು. ಅಂದ ಹಾಗೆ ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಹಾಗಾಗಿ ಹೊಲದಲ್ಲಿ ಕೆಲಸ ಮಾಡುತ್ತಿರುವವರು 'ಹ್ಞೂಂ, ಹುಡುಕ್ಕೊಳ್ಳಿ' ಅಂದರೆ ಅದು ಅರ್ಧ ಅನುಮತಿ. ಗುತ್ತಿಗೆಗೆ ಮಾಡುವವರು ಮತ್ತು ಒಡೆಯರು, ಇಬ್ಬರೂ ಒಪ್ಪಬೇಕು.

ಕೇಳುವುದು ಹೇಗೆ

ಜನ ಬೇಡ ಅನ್ನುವುದು ನಿಧಿಯ ಭಯಕ್ಕೆ ಅಂದುಕೊಂಡಿದ್ದೆ. ನಾನು ಕೇಳಿದವರಲ್ಲಿ ಹೆಚ್ಚಿನವರ ತಲೆನೋವು ಗುಂಡಿ. ದನದ ಕಾಲು ಸಿಕ್ಕಿಕೊಂಡರೆ? ಹುಲ್ಲು ಒಣಗಿದರೆ? ನ್ಯಾಯವಾದ ಪ್ರಶ್ನೆಗಳು. ಬಾಯಲ್ಲಿ ಎಷ್ಟು ಹೇಳಿದರೂ ನಂಬಿಕೆ ಬರಲ್ಲ.

ಒಬ್ಬ ಯಜಮಾನರು ಮುಖ ಗಂಟಿಕ್ಕಿಕೊಂಡೇ ನಿಂತಿದ್ದರು. 'ಇಲ್ಲೇ ನಿಮ್ಮೆದುರಿಗೇ ಒಂದು ಗುಂಡಿ ತೆಗೆದು ತೋರಿಸ್ಲಾ?' ಅಂದೆ. ಗೇಟಿನ ಪಕ್ಕದ ಹುಲ್ಲಿನಲ್ಲಿ ಮೂರು ಕಡೆ ಸಲಿಕೆ ಇಳಿಸಿದೆ. ನಾಲ್ಕನೇ ಕಡೆ ಬೇರು ಹಾಗೇ ಬಿಟ್ಟೆ. ಹುಲ್ಲಿನ ಹೆಂಟೆ ಪುಸ್ತಕದ ರಟ್ಟಿನ ಹಾಗೆ ಮಗುಚಿಕೊಂಡಿತು. ಒಳಗಿನ ಸಡಿಲ ಮಣ್ಣನ್ನೆಲ್ಲ ಒಂದು ಬಟ್ಟೆ ಮೇಲೆ ಹಾಕಿದೆ, ಹುಲ್ಲಿನ ಮೇಲೆ ಒಂದು ಹಿಡಿಯೂ ಬೀಳಲಿಲ್ಲ. ಮಣ್ಣು ವಾಪಸ್ ಸುರಿದು, ಹೆಂಟೆ ಮುಚ್ಚಿ, ಕಾಲಲ್ಲಿ ಒತ್ತಿದೆ. ಅವರು ಬಗ್ಗಿ ನೋಡಿ, ಅಂಚನ್ನು ಬೆರಳಲ್ಲಿ ಮುಟ್ಟಿ, 'ಆ ಮೂಲೆ ತುಂಡು ನೋಡ್ಕೊಳ್ಳಿ, ಬಿತ್ತನೆ ಹೊತ್ತಿಗೆ ಮುಗಿಸ್ಬೇಕು' ಅಂದರು. ಈಗ ಎಲ್ಲೇ ಕೇಳಲು ಹೋದರೂ ಮೆಷಿನ್ ಬಿಟ್ಟು ಸಲಿಕೆ, ಬಟ್ಟೆ ಮಾತ್ರ ಒಯ್ಯುತ್ತೇನೆ.

ಒಪ್ಪಿದ ಮೇಲೆ ಅರ್ಧ ಪುಟದ ಚೀಟಿ. ಯಾವ ತುಂಡು, ಯಾವಾಗಿಂದ ಯಾವಾಗಿನವರೆಗೆ, ಗುಂಡಿ ಮುಚ್ಚುವ ಹೊಣೆ ನನ್ನದು, ಗೇಟು ಹೇಗಿತ್ತೋ ಹಾಗೇ ಬಿಡುವುದು, ಸಿಕ್ಕಿದ್ದೆಲ್ಲವನ್ನೂ ತೋರಿಸುವುದು, ಬೆಲೆಬಾಳುವುದು ಸಿಕ್ಕರೆ ಕಾನೂನು ಹೇಳಿದ ಹಾಗೆ ತಿಳಿಸಿ ನಂತರ ಹಂಚಿಕೆ. ನೆಲದಡಿ ಕೇಬಲ್, ಪೈಪ್ ಎಲ್ಲಿ ಹೋಗಿದೆ ಅಂತ ಕೇಳಿ ಅದನ್ನೂ ಬರೆದುಕೊಳ್ಳುತ್ತೇನೆ. ಹಂಚಿಕೆಯ ಮಾತು ಸಿಗುವ ಮೊದಲೇ ಆಗಬೇಕು. ಸಿಕ್ಕ ಮೇಲೆ ಎಲ್ಲರ ಲೆಕ್ಕವೂ ಬದಲಾಗುತ್ತೆ.

ಪಾರ್ಕು, ಬೀಚು

ಪಾರ್ಕಿನದು ಇನ್ನೂ ಎಳೆದಾಡುತ್ತಿದೆ. ಕೌಂಟರಿನಲ್ಲಿ ಕೂತವರು 'ಏನೂ ತೊಂದ್ರೆ ಇಲ್ಲ, ಹೋಗಿ' ಅಂದರು. ಅದನ್ನೇ ಬರೆದು ಕೊಡಿ ಅಂದರೆ ಇನ್ನೊಂದು ವಿಭಾಗದ ಕಡೆ ಬೆರಳು ತೋರಿಸಿದರು. ಅರ್ಜಿ ಅಲ್ಲಿದೆ, ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಪಟ್ಟಿಯಲ್ಲಿ ಆ ಸಾಲಿಗೆ ಹಳದಿ ಬಣ್ಣ, ಅಂದರೆ ಇನ್ನೂ ಕಾಯಬೇಕು.

ಬೀಚು ಸುಲಭ ಅನ್ನುತ್ತಾರೆ, ಅರ್ಧ ನಿಜ. ಮರಳು ಅಗೆಯುವುದು ಸುಲಭ, ಮುಚ್ಚುವುದು ಇನ್ನೂ ಸುಲಭ. ಆದರೆ ಅಲೆ ಬಂದು ಹೋಗುವ ಪಟ್ಟಿಯ ಒಡೆಯರು ಒಬ್ಬರು, ಮೇಲಿನ ಒಣ ಮರಳಿನ ಒಡೆಯರು ಇನ್ನೊಬ್ಬರು ಇರಬಹುದು. ಎಲ್ಲ ದಡವೂ ಒಂದೇ ಅಲ್ಲ ಕೂಡ. ಲಂಡನ್ನಿನಲ್ಲಿ ಥೇಮ್ಸ್ ನದಿಯ ನೀರಿಳಿದ ದಂಡೆಯಲ್ಲಿ ಹುಡುಕಲು ಬಂದರು ಪ್ರಾಧಿಕಾರದ ಪರ್ಮಿಟ್ ಇರಲೇಬೇಕು. ಮೆಷಿನ್ ಕಡೆಯಿಂದಲೂ ಒಂದು ತಕರಾರಿದೆ: ಉಪ್ಪುನೀರು ವಿದ್ಯುತ್ ಹರಿಸುತ್ತೆ. ಹಾಗಾಗಿ ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಒದ್ದೆ ಮರಳಿನ ಮೇಲೆ ಸುಮ್ನೆ ಕಿರುಚುತ್ತಿರುತ್ತೆ. ಸೆನ್ಸಿಟಿವಿಟಿ ಇಳಿಸಬೇಕು, ಇಲ್ಲವಾದರೆ ಒಣ ಮರಳಲ್ಲೇ ಇರಬೇಕು. ನನ್ನದು ಅಂಥದ್ದೇ, ಹಾಗಾಗಿ ಕೇಳುವುದು ಒಣ ಪಟ್ಟಿಗಷ್ಟೇ.

ಈಗಿನ ಸ್ಥಿತಿ

ಹಸಿರು ಸಾಲಿನಲ್ಲಿ, ಅಂದರೆ ಮೂರೂ ಖಾನೆ ತುಂಬಿ ಒಪ್ಪಿಗೆ ಸಿಕ್ಕ ಪಟ್ಟಿಯಲ್ಲಿ, ಇರುವುದು ಪರಿಚಯದವರ ಹಿತ್ತಲು ಮತ್ತು ಯಜಮಾನರ ಮೂಲೆ ತುಂಡು. ಎರಡೂ ನೋಡಲು ಸಪ್ಪೆ. ಕಲಿಯುವವರಿಗೆ ಸಪ್ಪೆ ಜಾಗವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಉತ್ತು ಮಗುಚಿದ ಮಣ್ಣಿನಲ್ಲಿ ಪದರ ಆಗಲೇ ಕಲಸಿಹೋಗಿರುತ್ತೆ, ನೇಗಿಲು ಹೋದಷ್ಟು ಆಳದಲ್ಲೇ ಇದ್ದರೆ ನಮ್ಮಿಂದ ಹಾಳಾಗುವುದು ಕಮ್ಮಿ. ಕಿವಿ ಪಳಗಲು ಮೊಳೆ, ಕ್ಯಾನಿನ ಮುಚ್ಚಳ, ಫಾಯಿಲ್ ಚೂರು ಬೇಕಾದಷ್ಟು ಸಿಗುತ್ತೆ.

ಹಿತ್ತಲಲ್ಲಿ ಒಂದು ಸಿಗ್ನಲ್ ಜೋರಾಗಿ, ತೆಳ್ಳಗಿನ ದನಿಯಲ್ಲಿ ಬಂತು, ಥೇಟ್ ಬೆಳ್ಳಿ. ಪಕ್ಕಕ್ಕೆ ಬಂದು ಅಡ್ಡ ದಿಕ್ಕಿನಿಂದ ಕಾಯಿಲ್ (ಮೆಷಿನ್ ತುದಿಯ ತಟ್ಟೆ) ಬೀಸಿದೆ. ದನಿ ಒಡೆದು, ಮೆಷಿನ್ ಪರದೆಯ ನಂಬರ್ ಕುಣಿದು, ಕಬ್ಬಿಣಕ್ಕೆ ಬರುವ ತಗ್ಗು ದನಿಯ ಗೊರಕೆ ಕೇಳಿಸಿತು. ಆದರೂ ಅಗೆದೆ. ಬಾಗಿದ, ತುಕ್ಕು ಹಿಡಿದ ಮೊಳೆ. ಈ ಎರಡು ದಿಕ್ಕಿನ ಪರೀಕ್ಷೆಯನ್ನು ಪರರ ಹೊಲದಲ್ಲಿ ಕಲಿಯುವುದಕ್ಕಿಂತ ಇಲ್ಲೇ ಕಲಿತುಬಿಟ್ಟರೆ ಅಲ್ಲಿ ಬೇಡದ ಗುಂಡಿ ಕಮ್ಮಿ ಆಗುತ್ತೆ.

ಮುಂದಿನ ಕೆಲಸ: ಕೊಯ್ಲು ಮುಗಿದ ಕೂಡಲೇ ಮೂಲೆ ತುಂಡಿಗೆ ಹೋಗುವುದು, ಬಿತ್ತನೆಗೆ ಮೊದಲೇ ಮುಗಿಸುವುದು. ಅದೇ ಯಜಮಾನರು ನೆರೆಯವರ ಹೊಲದ ಬಗ್ಗೆಯೂ ಮಾತಾಡಿ ನೋಡುತ್ತೇನೆ ಅಂದಿದ್ದಾರೆ. ಆ ಸಾಲಿನ ಮೊದಲ ಖಾನೆ ತುಂಬಿದೆ. ಇನ್ನೆರಡು ಬಾಕಿ.