ಕಾಡು ಸುಟ್ಟ ಮೇಲೆ ಹೊಳೆಯಲ್ಲಿ ಮೀನು ಉಳಿಯುತ್ತವೆಯೇ?

ನಾನಿರುವುದು ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ. ಬಿಡುವು ಸಿಕ್ಕಾಗಲೆಲ್ಲ ಊರಿನ ಪಶ್ಚಿಮಕ್ಕಿರುವ ಪೂಡರ್ ಕಣಿವೆಗೆ ಹೋಗಿ ಟ್ರೌಟ್ ಮೀನಿಗೆ ಗಾಳ ಹಾಕುತ್ತೇನೆ. ಇದನ್ನು ಬಲ್ಲ ಕನ್ನಡಿಗರೆಲ್ಲ ಕೇಳುವ ಪ್ರಶ್ನೆ ಒಂದೇ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಗೆಳೆಯರು ಕೇಳುತ್ತಾರೆ. ಟಿ.ವಿ.ಯಲ್ಲಿ ಹೊಗೆ ಕಂಡ ದಿನ ಶಿವಮೊಗ್ಗದಿಂದ ಚಿಕ್ಕಪ್ಪ ಫೋನ್ ಮಾಡಿ ಕೇಳುತ್ತಾರೆ: "ಅಲ್ಲಪ್ಪಾ, ಕಾಡೇ ಸುಟ್ಟುಹೋದ ಮೇಲೆ ಆ ಹೊಳೆಯಲ್ಲಿ ಮೀನು ಎಲ್ಲಿ ಉಳಿದಿರುತ್ತವೆ? ಬೆಂಕಿ ಬೀಳುವ ಜಾಗಕ್ಕೇ ಮತ್ತೆ ಮತ್ತೆ ಏಕೆ ಹೋಗುತ್ತೀಯ?"

ಬೆಂಕಿಯ ದಿನ ಮೀನು ಬಹುಪಾಲು ಉಳಿಯುತ್ತವೆ. ಅವುಗಳಿಗೆ ಕಂಟಕ ಬರುವುದು ಆಮೇಲೆ, ಜೋರು ಮಳೆ ಬಿದ್ದಾಗ. ಆ ಪೆಟ್ಟು ತಿಂದ ಹೊಳೆಗೆ ಮೀನು ಮರಳಬೇಕಾದರೆ ಅಕ್ಕಪಕ್ಕದ ತೊರೆಗಳಿಂದ ಇಳಿದುಬರಲು ದಾರಿ ತೆರೆದಿರಬೇಕು. ಫೋನಿನಲ್ಲಿ ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ಕಂಡವರಿಗೆ ಕಾಳ್ಗಿಚ್ಚು ಎಂದರೆ ಒಣಹುಲ್ಲು, ಲಂಟಾನ, ತರಗೆಲೆ ಹೊತ್ತಿಕೊಂಡು ನೆಲದ ಮೇಲೆ ಓಡುವ ಬೆಂಕಿ. ರಾಕಿ ಪರ್ವತಗಳ ಪೈನ್, ಸ್ಪ್ರೂಸ್ ಕಾಡುಗಳಲ್ಲಿ ಗಾಳಿ ಬೀಸಿದರೆ ಬೆಂಕಿ ಮರದ ತುದಿಯಿಂದ ತುದಿಗೆ ದಾಟುತ್ತದೆ. 2020ರ ಆಗಸ್ಟ್ 13ರಂದು ಪೂಡರ್ ನದಿಯ ಮೇಲ್ಭಾಗದಲ್ಲಿ ಹೊತ್ತಿದ ಕ್ಯಾಮರಾನ್ ಪೀಕ್ ಬೆಂಕಿ ಸಂಪೂರ್ಣ ಹತೋಟಿಗೆ ಬಂದದ್ದು ಡಿಸೆಂಬರಿನಲ್ಲಿ. ನಡುವೆ ಸೆಪ್ಟೆಂಬರಿನಲ್ಲೊಮ್ಮೆ ಹಿಮವೂ ಬಿತ್ತು. ಬೆಂಕಿ ತಣ್ಣಗಾದಂತೆ ಮಾಡಿ ಮತ್ತೆ ಎದ್ದಿತು. ಒಟ್ಟು ಸುಟ್ಟದ್ದು 2,08,913 ಎಕರೆ. ಕೊಲರಾಡೊದ ದಾಖಲೆಯಲ್ಲಿ ಅಷ್ಟು ದೊಡ್ಡ ಬೆಂಕಿ ಅದಕ್ಕೂ ಮುಂಚೆ ಇರಲಿಲ್ಲ. ಅದೇ ಅಕ್ಟೋಬರಿನಲ್ಲಿ ಪರ್ವತದ ಆಚೆ ಬದಿಯಲ್ಲಿ ಹುಟ್ಟಿದ ಈಸ್ಟ್ ಟ್ರಬಲ್ಸಮ್ ಬೆಂಕಿ, ಮರವೇ ಬೆಳೆಯದ ಬೋಳು ಶಿಖರಗಳ ಸಾಲನ್ನು ಹಾರಿ ಈಚೆಗೆ ಬಂದಿತು.

ಇಂತಹ ಬೆಂಕಿಯ ಕೆಳಗೆ ಹರಿಯುವ ನೀರಿನಲ್ಲಿ ಮೀನು ಬೇಯುವುದಿಲ್ಲವೇ ಎಂದು ಕೇಳುವುದು ಸಹಜ. ದೊಡ್ಡ ಹೊಳೆಯಲ್ಲಿ ಹಾಗಾಗುವುದಿಲ್ಲ. ಹರಿಯುವ ತಣ್ಣೀರನ್ನು ಕಾಯಿಸಲು ಬಹಳ ಶಾಖ ಬೇಕು, ಬೆಂಕಿಯ ಮುಂಚೂಣಿ ಒಂದೆಡೆ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ 1988ರಲ್ಲಿ ಬೆಂಕಿಗೆ ಸಿಕ್ಕಿತು. ಅಲ್ಲಿನ ದೊಡ್ಡ ನದಿಗಳ ಟ್ರೌಟ್ ಬದುಕಿಕೊಂಡವು. ಮೊಣಕಾಲುದ್ದವೂ ಇಲ್ಲದ ಪುಟ್ಟ ತೊರೆಗಳ ಮಾತು ಬೇರೆ, ಅಲ್ಲಿ ಶಾಖಕ್ಕೂ ಮೀನು ಸಾಯುತ್ತವೆ. ಇನ್ನು ಬೆಂಕಿ ತಡೆಯಲು ವಿಮಾನದಿಂದ ಸುರಿಯುವ ಕೆಂಪು ದ್ರಾವಣ. ಅದರಲ್ಲಿ ಅಮೋನಿಯಂ ಫಾಸ್ಫೇಟ್ ಇರುತ್ತದೆ. ನೀರಿಗೆ ಬಿದ್ದರೆ ಮೀನಿಗೆ ವಿಷ. ಅದಕ್ಕೇ ನೀರಿನ ಎರಡೂ ಬದಿ 300 ಅಡಿಯೊಳಗೆ ಅದನ್ನು ಸುರಿಯಬಾರದೆಂಬ ನಿಯಮವನ್ನು ಅಮೆರಿಕದ ಅರಣ್ಯ ಇಲಾಖೆ ಇಟ್ಟುಕೊಂಡಿದೆ.

ಈಗ ಮಳೆಯ ವಿಷಯ. ನನ್ನ ಮಟ್ಟಿಗೆ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ.

ಪೈನ್ ಮರದ ಸೂಜಿ ಎಲೆ, ತೊಗಟೆ, ನೆಲದ ದರಗು ಉರಿಯುವಾಗ ಹೊರಡುವ ಮೇಣದಂತಹ ಆವಿ ಮಣ್ಣಿನೊಳಕ್ಕೆ ಇಳಿದು, ಮೇಲ್ಪದರದ ಸ್ವಲ್ಪ ಕೆಳಗೆ ತಣಿದು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಆ ಪದರ ನೀರನ್ನು ಒಳಗೆ ಬಿಡುವುದಿಲ್ಲ. ಮಳೆ ಬಿದ್ದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಜಾರಿಹೋಗುತ್ತದೆ. ತಡೆಯಲು ಬೇರಿಲ್ಲ, ಹುಲ್ಲಿಲ್ಲ, ಹೀರಲು ತರಗೆಲೆಯ ಹಾಸಿಲ್ಲ. ಜುಲೈ, ಆಗಸ್ಟ್ ಬಂತೆಂದರೆ ಇಲ್ಲಿ ಮಧ್ಯಾಹ್ನದ ಗುಡುಗುಮಳೆಗಳ ಕಾಲ. ಇಲ್ಲಿಯವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ನಮ್ಮ ಆಗುಂಬೆಯವರು ಮಳೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳದಷ್ಟು ಸುರಿದರೂ ಸಾಕು, ಸುಟ್ಟ ಇಳಿಜಾರಿನಿಂದ ಬೂದಿ, ಮಣ್ಣು, ಬಂಡೆ, ಕರಕಲು ದಿಮ್ಮಿ ಎಲ್ಲವೂ ಒಟ್ಟಿಗೆ ಕಣಿವೆಗೆ ಇಳಿಯುತ್ತವೆ. ನೀರು ಇದ್ದಿಲು ಕಲಸಿದ ಬಣ್ಣಕ್ಕೆ ತಿರುಗುತ್ತದೆ. ನುಣ್ಣನೆಯ ಬೂದಿ ಮೀನಿನ ಕಿವಿರುಗಳಲ್ಲಿ ಕಟ್ಟಿಕೊಳ್ಳುತ್ತದೆ, ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತವೆ.

ಪೂಡರ್ ಇದನ್ನು ಎರಡು ಬಾರಿ ಕಂಡಿದೆ. 2012ರ ಜೂನ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಹೈ ಪಾರ್ಕ್ ಬೆಂಕಿ 87,000 ಎಕರೆಗೂ ಹೆಚ್ಚು ಸುಟ್ಟಿತು. ಆ ಬೇಸಿಗೆಯ ಮಳೆಗೆ ನದಿ ಕಪ್ಪಾಯಿತು. ಫೋರ್ಟ್ ಕಾಲಿನ್ಸ್ ನಗರ ಪೂಡರ್ ನೀರನ್ನು ಬಿಟ್ಟು ಹಾರ್ಸ್‌ಟೂತ್ ಜಲಾಶಯವನ್ನು ನೆಚ್ಚಬೇಕಾಯಿತು. ಎರಡನೆಯದು ಇನ್ನೂ ಕ್ರೂರ. 2021ರ ಜುಲೈ 20ರ ಸಂಜೆ, ಕ್ಯಾಮರಾನ್ ಪೀಕ್ ಬೆಂಕಿ ಸುಟ್ಟಿದ್ದ ಬ್ಲ್ಯಾಕ್ ಹಾಲೊ ಎಂಬ ಹಳ್ಳದ ಮೇಲೆ ಮಳೆ ಸುರಿಯಿತು. ಹಳ್ಳದಿಂದ ನುಗ್ಗಿದ ಕೆಸರು, ದಿಮ್ಮಿಗಳ ರಾಶಿ ನದಿಯ ದಡದ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ನಾಲ್ವರು ಸತ್ತರು. ಕೆಳಗಿನ ಹರಿವಿನಲ್ಲಿ ಮೀನುಗಳೂ ಸತ್ತು ದಡ ಸೇರಿದವು. ಜನರೇ ಹೋದ ಕಡೆ ಮೀನಿನ ಲೆಕ್ಕ ಹಿಡಿಯಲು ನನಗೆ ಬಹುಕಾಲ ಮನಸ್ಸು ಬರಲಿಲ್ಲ.

ಬೂದಿ ತೊಳೆದುಹೋಗುತ್ತದೆ, ಮರಳು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಡೆನ್ವರ್‌ನ ನೈಋತ್ಯಕ್ಕಿರುವ ಸೌತ್ ಪ್ಲ್ಯಾಟ್ ನದಿ ಫ್ಲೈ ಫಿಶಿಂಗ್ (ಹುಳದಂತೆ ಕಾಣುವ ಕೊಕ್ಕೆಯಿಂದ ಮೀನು ಹಿಡಿಯುವುದು) ಮಾಡುವವರ ನಡುವೆ ದೇಶಕ್ಕೆಲ್ಲ ಹೆಸರಾದದ್ದು. 2002ರ ಹೇಮನ್ ಬೆಂಕಿ ಅದರ ಸುತ್ತ 1,38,000 ಎಕರೆ ಸುಟ್ಟಿತು. ಅಲ್ಲಿನ ಗ್ರಾನೈಟ್ ಪುಡಿಪುಡಿಯಾಗುವ ಜಾತಿಯದು. ಬೇರು ಹಿಡಿದಿಟ್ಟಿದ್ದ ಆ ಒರಟು ಮರಳು ಹಳ್ಳಗಳ ಮೂಲಕ ನದಿಗೆ ಇಳಿದು ಮಡುಗಳನ್ನು ತುಂಬಿತು. ಟ್ರೌಟ್ ಮೊಟ್ಟೆಯಿಡುವುದು ಬೆಣಚುಕಲ್ಲುಗಳ ಸಂದಿನಲ್ಲಿ. ಸಂದು ಮುಚ್ಚಿದರೆ ಮೊಟ್ಟೆಗೆ ಗಾಳಿಯಾಡುವುದಿಲ್ಲ. ನೀರು ತಿಳಿಯಾಗಿ ಎಷ್ಟೋ ವರ್ಷಗಳಾದರೂ ಮರಳು ಕಾಡುತ್ತಲೇ ಇತ್ತು. ಈ ಬೆಂಕಿ ಮತ್ತು ಅದಕ್ಕೂ ಹಿಂದಿನ 1996ರ ಬಫಲೊ ಕ್ರೀಕ್ ಬೆಂಕಿಯ ನಂತರ ಡೆನ್ವರ್ ನಗರದ ಜಲಸಂಸ್ಥೆ ಹೂಳು ತೆಗೆಯುವುದಕ್ಕೂ ಬೆಟ್ಟ ಸರಿಪಡಿಸುವುದಕ್ಕೂ 2.7 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿದೆ.

ಹಾಗಾದರೂ ಮೀನು ಹಿಂದಿರುಗುತ್ತವೆ. ನಾನು ಮೊದಲು ನೋಡುವುದು ಮೀನನ್ನಲ್ಲ, ಹುಳಗಳನ್ನು. ಫ್ಲೈ ಫಿಶಿಂಗ್‌ನಲ್ಲಿ ಎರೆಹುಳ ಸಿಕ್ಕಿಸುವುದಿಲ್ಲ. ಗರಿ, ಜಿಂಕೆಯ ಕೂದಲು, ರೇಷ್ಮೆದಾರ ಸುತ್ತಿ ಹೊಳೆಯ ಹುಳದಂತೆ ಕಾಣುವ ಕೊಕ್ಕೆಯನ್ನು ಕಟ್ಟುತ್ತೇವೆ. ಇವತ್ತು ಈ ನೀರಿನಲ್ಲಿ ಯಾವ ಹುಳವಿದೆ ಎಂದು ತಿಳಿಯದೆ ಕೊಕ್ಕೆ ಆರಿಸಲಾಗದು. ಅದಕ್ಕಾಗಿ ದಡದಲ್ಲಿ ಬಗ್ಗಿ ಕಲ್ಲು ಮಗುಚಿ ನೋಡುವುದು ರೂಢಿ. ಸುಟ್ಟ ಕಣಿವೆಯಲ್ಲಿ ಆ ಕಲ್ಲಿನ ಅಡಿ ಬಹಳ ಹೇಳುತ್ತದೆ. ಪ್ರವಾಹದ ನಂತರ ಬೇಗ ಬರುವವು ನುಸಿಯ ಮರಿಗಳು, ಬೇಟಿಸ್ ಎಂಬ ಸಣ್ಣ ಮೇಫ್ಲೈ. ವರ್ಷಕ್ಕೆ ಹಲವು ಪೀಳಿಗೆ ಕಾಣಬಲ್ಲ, ನೀರಿನೊಂದಿಗೆ ತೇಲಿ ಹೊಸ ಜಾಗ ಹಿಡಿಯಬಲ್ಲ ಜೀವಿಗಳು. ಬಿದ್ದ ಎಲೆಗಳನ್ನು ತಿಂದು ಬದುಕುವ ಸ್ಟೋನ್‌ಫ್ಲೈಗಳು ತಡ ಮಾಡುತ್ತವೆ, ಏಕೆಂದರೆ ದಡದಲ್ಲಿ ಎಲೆ ಉದುರಿಸುವ ವಿಲೋ, ಆಲ್ಡರ್ ಪೊದೆಗಳು ಮೊದಲು ಚಿಗುರಬೇಕು. ಅವು ಬೇರಿನಿಂದಲೇ ಮರಳಿ ಏಳುತ್ತವೆ. ಆಸ್ಪೆನ್ ಮರವೂ ಹಾಗೆಯೇ. ಲಾಡ್ಜ್‌ಪೋಲ್ ಪೈನ್‌ನ ಎಷ್ಟೋ ಕಾಯಿಗಳು ಮೇಣದಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಕಾವಿಗೇ ಬಾಯಿ ತೆರೆದು ಬೀಜ ಉದುರಿಸುತ್ತವೆ. ಸತ್ತ ಮರಗಳು ವರ್ಷಗಳು ಕಳೆದಂತೆ ಹೊಳೆಗೆ ಅಡ್ಡ ಬಿದ್ದು ಹೊಸ ಮಡುಗಳನ್ನು ಕಟ್ಟುತ್ತವೆ. ಮೀನಿಗೆ ಅದೇ ಆಸರೆ.

ಪೂಡರ್‌ನಂತಹ ನದಿಗೆ ಸುಡದೆ ಉಳಿದ ಉಪತೊರೆಗಳಿವೆ, ಮೀನು ಅಲ್ಲಿಂದ ಇಳಿದುಬರುತ್ತವೆ. ಬ್ರೌನ್ ಟ್ರೌಟ್ ಶರತ್ಕಾಲದಲ್ಲಿ ಮೊಟ್ಟೆಯಿಡುವುದರಿಂದ ಬೇಸಿಗೆಯ ಕೆಸರು ಆ ಮೊಟ್ಟೆಗಳನ್ನು ಮುಟ್ಟುವುದಿಲ್ಲ. ರೇನ್‌ಬೋ ಟ್ರೌಟ್‌ನ ಎಳೆಮರಿಗಳು ಬೇಸಿಗೆಯಲ್ಲೇ ಕಲ್ಲುಸಂದಿನಿಂದ ಹೊರಬರುವುದರಿಂದ ಅವಕ್ಕೆ ಪೆಟ್ಟು ಹೆಚ್ಚು.

ನನಗೆ ನಿಜವಾಗಿ ಚಿಂತೆಯಿರುವುದು ಈ ಎರಡು ಜಾತಿಗಳ ಬಗ್ಗೆ ಅಲ್ಲ. ಎರಡೂ ಹೊರಗಿನಿಂದ ತಂದು ಬಿಟ್ಟವು, ಎಲ್ಲೆಡೆ ಹರಡಿಕೊಂಡಿವೆ. ಈ ಬೆಟ್ಟಗಳ ಮೂಲನಿವಾಸಿ ಕಟ್‌ತ್ರೋಟ್ ಟ್ರೌಟ್. ಗಂಟಲ ಕೆಳಗೆ ಕೆಂಪು ಗೆರೆಯಿರುವ ಮೀನು. ಇಂದು ಅದರ ಹಲವು ಬಳಗಗಳು ಒಂದೊಂದೇ ತೊರೆಯ ತುದಿಯಲ್ಲಿ ಸಿಲುಕಿಕೊಂಡಿವೆ; ಕೆಳಗೆ ಇಳಿದರೆ ಹೊರಗಿನ ಮೀನುಗಳು, ಮೇಲೆ ಹೋಗಲು ನೀರಿಲ್ಲ. ಕೊಲರಾಡೊದ ರಾಜ್ಯ ಮೀನಾದ ಗ್ರೀನ್‌ಬ್ಯಾಕ್ ಕಟ್‌ತ್ರೋಟ್‌ನ ಶುದ್ಧ ತಳಿ ಕೊಲರಾಡೊ ಸ್ಪ್ರಿಂಗ್ಸ್ ಬಳಿಯ ಬೇರ್ ಕ್ರೀಕ್ ಎಂಬ ಒಂದೇ ತೊರೆಯಲ್ಲಿ ಉಳಿದಿದೆಯೆಂದು 2012ರಲ್ಲಿ ತಳಿಶಾಸ್ತ್ರಜ್ಞರು ತೋರಿಸಿಕೊಟ್ಟರು. ಆ ತಳಿಯೇ ಇಲ್ಲವಾಗಲು ಒಂದು ಬೆಂಕಿ, ಅದರ ಹಿಂದೆ ಒಂದು ಮಳೆ ಬಂದಿದ್ದರೆ ಸಾಕಿತ್ತು.

ಇದು ಬರಿಯ ಊಹೆಯಲ್ಲ. 2016ರ ಜುಲೈನಲ್ಲಿ ಹೇಡನ್ ಪಾಸ್ ಬೆಂಕಿ ಉರಿಯುತ್ತಿರುವಾಗಲೇ ರಾಜ್ಯದ ಮೀನುಗಾರಿಕೆ ಸಿಬ್ಬಂದಿ ಹೇಡನ್ ಕ್ರೀಕ್‌ಗೆ ನುಗ್ಗಿ 194 ಕಟ್‌ತ್ರೋಟ್‌ಗಳನ್ನು ಹಿಡಿದು ತಂದರು. 1889ರಲ್ಲಿ ಟ್ವಿನ್ ಲೇಕ್ಸ್‌ನಲ್ಲಿ ಸಂಗ್ರಹಿಸಿ ವಸ್ತುಸಂಗ್ರಹಾಲಯದಲ್ಲಿಟ್ಟಿದ್ದ ಮೀನುಗಳ ತಳಿಗುರುತು ಇವುಗಳಲ್ಲಿ ಮಾತ್ರ ಇತ್ತು. ಹೆಚ್ಚಿನವನ್ನು ಮರಿಕೇಂದ್ರಕ್ಕೆ ಒಯ್ದರು, ಕೆಲವನ್ನು ನ್ಯೂಲಿನ್ ಕ್ರೀಕ್‌ಗೆ ಬಿಟ್ಟರು. ಬೂದಿಯ ಪ್ರವಾಹದ ನಂತರ ಹಳೆಯ ತೊರೆಯಲ್ಲಿ ಹುಡುಕಿದಾಗ ಒಂದೂ ಮೀನು ಸಿಗಲಿಲ್ಲ. ಮರಿಕೇಂದ್ರದಲ್ಲಿ ಬೆಳೆಸಿದ ಸಂತತಿಯನ್ನು ಈಗ ಬೇರೆ ಬೇರೆ ತೊರೆಗಳಿಗೆ ಬಿಟ್ಟಿದ್ದಾರೆ. ಹೊಗೆಯ ನಡುವೆ ಬಕೆಟ್ ಹೊತ್ತ ಆ ಜನರನ್ನು ನೆನೆದಾಗಲೆಲ್ಲ ನನ್ನಲ್ಲಿ ಕೃತಜ್ಞತೆ ಉಕ್ಕುತ್ತದೆ.

ಇನ್ನು "ಏಕೆ ಹೋಗುತ್ತೀಯ" ಎಂಬುದಕ್ಕೆ. ಸುಟ್ಟ ಹೊಳೆಯನ್ನು ಯಾರಾದರೂ ನೋಡುತ್ತಿರಬೇಕು. ಕಲ್ಲು ಮಗುಚಿ ನೋಡಿದವರೇ ನದಿಗಾಗಿ ಸಭೆಗಳಲ್ಲಿ ಎದ್ದುನಿಂತು ಮಾತನಾಡುತ್ತಾರೆ, ಗಿಡ ನೆಡಲು ಬರುತ್ತಾರೆ. 2021ರಲ್ಲಿ ಈ ಬೆಟ್ಟಗಳ ಮೇಲೆ ಹೆಲಿಕಾಪ್ಟರ್‌ಗಳಿಂದ ಮರದ ಸಿಬಿರು ಹರಡಿ ಮಣ್ಣು ಹಿಡಿದಿಡುವ ಕೆಲಸ ನಡೆಯಿತು. ಅದಕ್ಕೆ ಹಣ ಬೇಕೆಂದು ಹೇಳಲು ನದಿಯನ್ನು ಬಲ್ಲ ಜನ ಬೇಕು. ಆದರೆ ಹೋಗದಿರುವುದೂ ನನ್ನ ಹವ್ಯಾಸದ ಒಂದು ಭಾಗ. ನೀರಿನ ತಾಪಮಾನ 20 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಟ್ರೌಟ್‌ಗೆ ಉಸಿರಾಟವೇ ಕಷ್ಟ. ಆಗ ಹಿಡಿದು ಬಿಟ್ಟರೂ ಎಷ್ಟೋ ಮೀನು ಸಾಯುತ್ತವೆ. ನೆರಳಿನ ಮರ ಸುಟ್ಟ ಕಡೆ ಆ ಮಟ್ಟ ಬೇಗ ಬರುತ್ತದೆ. ಮೊಂಟಾನಾದಲ್ಲಿ ಇಂತಹ ದಿನಗಳಲ್ಲಿ ಮಧ್ಯಾಹ್ನ 2ರಿಂದ ನಡುರಾತ್ರಿಯವರೆಗೆ ಗಾಳವನ್ನು ಕಾನೂನಿನಿಂದಲೇ ನಿಷೇಧಿಸುತ್ತಾರೆ. ಎಲ್ಲ ರಾಜ್ಯಗಳಲ್ಲೂ ಹಾಗೆ ಮಾಡಬೇಕೆಂದು ನನ್ನ ದೃಢ ಅಭಿಪ್ರಾಯ. ನನ್ನ ಚೀಲದಲ್ಲಿ ಥರ್ಮಾಮೀಟರ್ ಸದಾ ಇರುತ್ತದೆ, ಕೊಕ್ಕೆಯ ಹಿಮ್ಮುಳ್ಳನ್ನು ಚಿಮುಟದಿಂದ ಒತ್ತಿ ಚಪ್ಪಟೆ ಮಾಡಿಯೇ ನೀರಿಗೆ ಹಾಕುತ್ತೇನೆ.

ಕ್ಯಾಂಪಿನ ಬೆಂಕಿಯ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಹೇಮನ್ ಬೆಂಕಿ ಹುಟ್ಟಿದ್ದು, ನಿಷೇಧವಿದ್ದ ದಿನ ಒಲೆಯ ಕಲ್ಲುಗಳ ನಡುವೆ ಹಚ್ಚಿದ ಕಿಚ್ಚಿನಿಂದ. ಊರಿನಿಂದ ಬಂದ ನೆಂಟರು ಮಕ್ಕಳಿಗಾಗಿ ಒಂದಿಷ್ಟು ಕಟ್ಟಿಗೆ ಹಚ್ಚೋಣವೆಂದರೆ ಬೇಸಿಗೆಯಲ್ಲಿ ನಾನು ಒಪ್ಪುವುದಿಲ್ಲ. ಗ್ಯಾಸ್ ಒಲೆಯಲ್ಲಿ ಕಾಫಿ ಮಾಡಿಕೊಡುತ್ತೇನೆ.

ಬರುವ ಆಸೆಯಿದ್ದವರು ಸೆಪ್ಟೆಂಬರ್ ಕೊನೆಯಲ್ಲಿ ಬನ್ನಿ. ಗುಡುಗುಮಳೆಯ ಕಾಲ ಮುಗಿದು ನೀರು ತಿಳಿಯಾಗಿ, ತಣ್ಣಗೆ ಇರುತ್ತದೆ. 16 ವರ್ಷ ತುಂಬಿದವರೆಲ್ಲ ಮೀನು ಹಿಡಿಯಲು ರಾಜ್ಯದ ಪರವಾನಗಿ ಪಡೆಯಬೇಕು. ಹೊರಡುವ ದಿನ ಹವಾಮಾನ ಇಲಾಖೆ ಬೆಂಕಿಯ ಕೆಂಪು ಎಚ್ಚರಿಕೆ ಕೊಟ್ಟಿದ್ದರೆ ಅಥವಾ ಗಾಳಿ ಎದ್ದಿದ್ದರೆ ಪ್ರಯಾಣ ಮುಂದಕ್ಕೆ ಹಾಕಿ, ಏಕೆಂದರೆ ನಿಂತೇ ಸತ್ತ ಮರಗಳು ಸದ್ದಿಲ್ಲದೆ ಉರುಳುತ್ತವೆ. ಸುಟ್ಟ ಹಳ್ಳದ ಬಾಯಿಯಲ್ಲಿ ಗುಡಾರ ಹಾಕಬೇಡಿ. ಮೇಲೆ ಎಲ್ಲೋ ಗುಡುಗಿದ ಸದ್ದು ಕೇಳಿದರೆ, ನಿಮ್ಮ ತಲೆಯ ಮೇಲಿನ ಆಕಾಶ ನೀಲಿಯಾಗಿದ್ದರೂ, ಗಾಳ ಸುತ್ತಿಕೊಂಡು ಎತ್ತರದ ಜಾಗಕ್ಕೆ ಹೋಗಿ.